ಆಡಿನ ದೊಡ್ಡಿಯ ಬಲ್ಬು

ಹನುಮನಹಳ್ಳಿಯ ಹಿಂದಿನ ಗುಡ್ಡಕ್ಕೆ ಹೋಗುವ ಕರೆಂಟಿನ ಲೈನು ನನ್ನ ಸುಪರ್ದಿಯಲ್ಲಿದೆ. ಬಾಳೆತೋಟಗಳು ಮುಗಿದ ಕೂಡಲೇ ಅಲ್ಲಿ ಕಲ್ಲು ಶುರುವಾಗುತ್ತದೆ. ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ಕುಳಿತಿರುತ್ತವೆ. ಅವುಗಳ ಸಂದಿನಲ್ಲಿ ಹತ್ತುತ್ತ ಹೋದರೆ ಮೇಲೆ ಒಂದು ಅಗಲವಾದ ಹಾಸುಬಂಡೆ, ಅದರ ಅಂಚಿಗೆ ನಾಲ್ಕೈದು ಮನೆ. ಅದಕ್ಕೆ ಬೇರೆ ಹೆಸರಿಲ್ಲ. ಕೆಳಗಿನವರು ‘ಮ್ಯಾಲಿನ ಮನಿ’ ಎನ್ನುತ್ತಾರೆ.

ನಾನು ಹನುಮಸಾಗರದ ಕಡೆಯವನು. ನಮ್ಮ ಹೊಲದಲ್ಲಿ ನಿಂತರೆ ಕಣ್ಣು ಹೋದಷ್ಟು ದೂರ ಜೋಳ, ಕಡಲೆ. ಲೈನ್‌ಮನ್ ಕೆಲಸ ಸಿಕ್ಕಿ, ಕುಷ್ಟಗಿಯಲ್ಲಿ ಕೆಲವು ವರ್ಷ ಇದ್ದು, ಗಂಗಾವತಿಯ ಕಡೆಗೆ ವರ್ಗವಾಗಿ ಬಂದಾಗ ಈ ಕಲ್ಲುಗಳನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಅವು ಈಗ ಬೀಳುತ್ತವೆ, ಈಗ ಬೀಳುತ್ತವೆ ಎಂದು ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ.

ಮೇಲಿನ ಮನೆಗಳಿಗೆ ಕರೆಂಟು ಹೋದದ್ದು ನಾನು ಬಂದ ಮೇಲೆ. ಸಿಮೆಂಟಿನ ಕಂಬ ಅಲ್ಲಿಗೆ ಏರುವಂತಿರಲಿಲ್ಲ. ಕಬ್ಬಿಣದ ಕಂಬಗಳಿಗೆ ಹಗ್ಗ ಕಟ್ಟಿ, ಹೆಗಲು ಕೊಟ್ಟು, ಕಲ್ಲಿನ ಸಂದುಗಳಲ್ಲಿ ತಿರುಗಿಸಿ ತಿರುಗಿಸಿ ಒಯ್ದೆವು. ಮೇಲಿನವರೂ ಇಳಿದು ಬಂದು ಹೆಗಲು ಕೊಟ್ಟರು. ಕೊನೆಯ ಮನೆಯಲ್ಲಿ ಒಬ್ಬ ಅಜ್ಜ, ಅವನ ಹೆಂಡತಿ, ಅವರ ಸೊಸೆ ಇದ್ದರು. ಮಗ ಭತ್ತ ಕೊಯ್ಯುವ ಮಷಿನ್ ಓಡಿಸುತ್ತಾನೆ. ಸುಗ್ಗಿ ಎಲ್ಲಿದೆಯೋ ಅಲ್ಲಿರುತ್ತಾನೆ. ಎಲ್ಲರ ಮನೆಯಲ್ಲೂ ಎಲ್ಲೆಲ್ಲಿ ದೀಪ ಬೇಕು ಎಂದು ಕೇಳುತ್ತ ಬಂದವನು ಆ ಅಜ್ಜನನ್ನೂ ಕೇಳಿದೆ.

“ಮನಿಯಾಗ ಎಲ್ಲಿ ಬೇಕಾರ ಹಾಕು,” ಎಂದ. “ಮೊದಲ ದೊಡ್ಡಿ ಮ್ಯಾಲ ಒಂದು ಹಾಕು.”

ದೊಡ್ಡಿ ಎಂದರೆ ಆಡು ಕೂಡುವ ಜಾಗ. ಎರಡು ಗುಂಡುಗಳ ನಡುವಿನ ಸಂದಿಗೆ ಕಲ್ಲು ಜೋಡಿಸಿ, ಮೇಲೆ ಜಾಲಿಮುಳ್ಳು ಒತ್ತಿ ಮಾಡಿದ್ದು. ಅಜ್ಜ ಮಲಗುವುದು ಅದರ ಬಾಗಿಲಲ್ಲೇ, ಹಗ್ಗದ ಹೊರಸಿನ ಮೇಲೆ, ಕಂಬಳಿ ಹೊದ್ದು. ಈ ಗುಡ್ಡಗಳಲ್ಲಿ ಚಿರತೆ ಇವೆ. ಕರೆಂಟು ಬರುವ ಮೊದಲು ಅದು ಮುಳ್ಳು ಜಿಗಿದು ದೊಡ್ಡಿಗೆ ಇಳಿದದ್ದುಂಟು. ಬಲ್ಬು ಹಾಕಿದ ಮೇಲೆ ಇಳಿದಿರಲಿಲ್ಲ. ಸುತ್ತಲ ಕಲ್ಲುಗಳಲ್ಲಿ ಓಡಾಡುವುದು ನಿಂತಿರಲಿಲ್ಲ. ಹೆಜ್ಜೆ ಕಾಣುತ್ತಿತ್ತು, ಬೆಳಕಿನ ಅಂಚಿನವರೆಗೆ ಬಂದು ತಿರುಗಿದ ಹೆಜ್ಜೆ. ಅಜ್ಜ ಅದನ್ನು ನನಗೆ ಒಮ್ಮೆ ಮಳೆಯಾದ ಮರುದಿನ ತೋರಿಸಿದ್ದ. ಅವನ ಜೀವ ಆ ಬಲ್ಬಿನ ಬೆಳಕಿನಲ್ಲಿ ಮಲಗುತ್ತಿತ್ತು ಎಂದರೆ ಹೆಚ್ಚಿನ ಮಾತಲ್ಲ.

ಸಿಡಿಲು ಈ ಕಲ್ಲುಗಳ ಮೇಲೆ ಜೋರು. ಹಾಗಾಗಿ ಮನೆಯ ಬೋರ್ಡಿನಲ್ಲಿರುವ ಪಿಂಗಾಣಿಯ ಫ್ಯೂಸನ್ನು ಗುಡುಗು ಬಂದಾಗ ಹೇಗೆ ಎಳೆದಿಡಬೇಕು ಎಂದು ನಾನೇ ಅಜ್ಜಿಗೆ ತೋರಿಸಿದ್ದೆ. ಮೊದಲು ಹೆದರಿದಳು. ಆಮೇಲೆ ಬೇರೆ ಮನೆಯವರ ಫ್ಯೂಸನ್ನೂ ಅವಳೇ ಹೋಗಿ ತೆಗೆಯುತ್ತಿದ್ದಳು.

ಚಳಿಗಾಲ ಬಂದರೆ ಈ ಭಾಗಕ್ಕೆ ಎರಡು ಬಗೆಯ ಜನ ಬರುತ್ತಾರೆ. ಒಂದು, ಹನುಮನ ಮಾಲೆ ಹಾಕಿದವರು. ಬರಿಗಾಲು, ತಣ್ಣೀರು ಸ್ನಾನ, ನೆಲದ ಮೇಲೆ ನಿದ್ದೆ. ಅಂಜನಾದ್ರಿ ಹತ್ತಿ ಮಾಲೆ ಇಳಿಸಿ ಹೋಗುತ್ತಾರೆ. ಇನ್ನೊಂದು, ಕಲ್ಲು ಹತ್ತುವವರು. ದೊಡ್ಡ ಊರುಗಳಿಂದ, ಹೊರದೇಶಗಳಿಂದ ಬಂದ ಹುಡುಗ ಹುಡುಗಿಯರು. ಹಗ್ಗವಿಲ್ಲದೆ ಗುಂಡು ಹತ್ತುತ್ತಾರೆ; ಬಿದ್ದರೆ ಇರಲಿ ಎಂದು ಕೆಳಗೆ ದಪ್ಪನೆಯ ಹಾಸಿಗೆ ಹಾಸಿಕೊಳ್ಳುತ್ತಾರೆ. ಆ ಹಾಸಿಗೆಯನ್ನು ಮಡಿಚಿ ಬೆನ್ನಿಗೆ ಕಟ್ಟಿಕೊಂಡು ಬಾಳೆತೋಟದ ನಡುವೆ ನಡೆದು ಹೋಗುವಾಗ ಹಿಂದಿನಿಂದ ತಲೆ ಕಾಣುವುದಿಲ್ಲ, ಹಾಸಿಗೆಯೇ ಕಾಲು ಬಂದು ನಡೆದಂತೆ ಕಾಣುತ್ತದೆ. ಊರಿನವರು ಅವರನ್ನು ‘ಹಾಸಿಗಿಯವರು’ ಎನ್ನುತ್ತಾರೆ.

ಹಾಸಿಗೆಯವರಲ್ಲಿ ಕೆಲವರಿಗೆ ಮೇಲಿನ ಮನೆಗಳು ಬಹಳ ಹಿಡಿಸಿದವು. ಒಂದೆರಡು ದಿನ ಅಲ್ಲೇ ಇರುತ್ತಾರೆ, ಸೊಸೆ ರೊಟ್ಟಿ ಮಾಡಿ ಹಾಕುತ್ತಾಳೆ. ಜಗತ್ತಿನ ಕೊನೆಗೆ ಬಂದೆವು ಎಂದು ಅವರು ಹೇಳುವುದನ್ನು ನಾನು ಕೇಳಿದ್ದೇನೆ. ಅಂಜನಾದ್ರಿಯ ಧ್ವನಿವರ್ಧಕ ಅಲ್ಲಿಗೆ ಸ್ಪಷ್ಟವಾಗಿ ಕೇಳುತ್ತದೆ. ಯಾವ ಊರಿನ ಯಾವ ಮಗು ತಪ್ಪಿಸಿಕೊಂಡಿದೆ, ಅದು ತೊಟ್ಟ ಅಂಗಿಯ ಬಣ್ಣ ಯಾವುದು ಎಂಬುದು ಮೇಲಿನ ಮನೆಯವರಿಗೆಲ್ಲ ಗೊತ್ತಿರುತ್ತದೆ.

ಆ ದಿನ ನಾನು ಹೋದದ್ದು ಮುಸಿಯ ಕೋತಿಗಳು ತಂತಿ ಜಗ್ಗಿದ್ದವು ಎಂದು. ಕೆಲಸ ಮುಗಿಸಿ ಕೊನೆಯ ಮನೆಯ ಕಟ್ಟೆಯ ಮೇಲೆ ಕುಳಿತಾಗ ಮಧ್ಯಾಹ್ನ ಇಳಿದಿತ್ತು. ಹಾಸುಬಂಡೆಯ ಆ ತುದಿಯಲ್ಲಿ ಇಬ್ಬರು ಕಣ್ಣು ಮುಚ್ಚಿ ಕುಳಿತಿದ್ದರು. ಒಬ್ಬಳು ಬೆಂಗಳೂರಿನ ಹುಡುಗಿ, ಮೂವತ್ತರ ಆಸುಪಾಸಿನವಳು. ಇನ್ನೊಬ್ಬ ಅವಳ ಜೊತೆಗಾರ, ಹೊರದೇಶದವನು, ಕೆಂಪು ಗಡ್ಡ. ಅವರ ನೀಲಿ ಹಾಸಿಗೆ ಮನೆಯ ಗೋಡೆಗೆ ಒರಗಿತ್ತು.

ಅಜ್ಜಿ ಚಹಾ ತಂದುಕೊಟ್ಟು, ನನ್ನ ಪಕ್ಕದಲ್ಲೇ ಕುಳಿತು, ಕೈ ಬಾಯಿಗೆ ಅಡ್ಡ ಹಿಡಿದು ಹೇಳಿದಳು: “ಮೆಲ್ಲಕ ಮಾತಾಡು ತಮ್ಮಾ. ಅವರು ನೇಮದಾಗ ಅದಾರ.”

“ಯಾರು ಯವ್ವಾ?”

“ಅವರ, ಹಾಸಿಗಿಯವರು.”

“ನೇಮ ಇಲ್ಲ, ಏನಿಲ್ಲ. ಸುಮ್ನ ತಿರುಗಾಡಾಕ ಬಂದಾರ.”

“ಸುಮ್ನ ಬಂದವರು ಬರಿಗಾಲಿಲೆ ಕಲ್ಲಮ್ಯಾಲ ಅಡ್ಡಾಡ್ತಾರನ? ಕಾಲಾಗ ಹಾಕ್ಕೊಳ್ಳಾಕ ಬೂಟ್ ಅದಾವ, ನೋಡು ಅಲ್ಲಿ. ಹಾಕ್ಕೊಳ್ಳಂಗಿಲ್ಲ. ಸೂರ್ಯಾ ಹುಟ್ಟೂದಕ್ಕ ಮೊದಲ ದೊಣಿಯಾಗಿನ ತಣ್ಣೀರು ಮೈಮ್ಯಾಲ ಸುರುವಿಕೊಂಡ್ರು. ಫೋನ್ ಬಂದ್ ಮಾಡಿ ಬಟ್ಟಿಯಾಗ ಸುತ್ತಿ ಇಟ್ಟಾರ. ಇಷ್ಟು ದಪ್ಪ ಹಾಸಿಗಿ ಹೊತ್ತು ತಂದಾರ, ಮಲಗೂದು ಬರೇ ಕಲ್ಲಮ್ಯಾಲ. ನೀ ಮಲಗ್ತಿ?”

“ಇಲ್ಲ.”

“ಮತ್ತ?”

ದೊಣಿ ಎಂದರೆ ಬಂಡೆಯಲ್ಲಿ ತಾನಾಗಿ ಆದ ನೀರಿನ ಗುಂಡಿ. ಅಜ್ಜಿ ಹೇಳಿದ್ದೆಲ್ಲ ನಿಜವಾಗಿತ್ತು. ಅವಳು ನೋಡಿದ್ದರಲ್ಲಿ ತಪ್ಪಿರಲಿಲ್ಲ. ಇಂಥ ಜನರನ್ನು ಅವಳು ವರ್ಷಾವರ್ಷ ನೋಡುತ್ತ ಬಂದಿದ್ದಳು. ಅವರ ಕೊರಳಲ್ಲಿ ಮಾಲೆ ಇರುತ್ತಿತ್ತು, ಇವರ ಕೊರಳಲ್ಲಿ ಇರಲಿಲ್ಲ, ಅಷ್ಟೇ.

“ಯಾವ ದೇವರ ನೇಮ ಅಂತ ಕೇಳಿದಿ?” ಎಂದೆ.

“ನೇಮದವರನ್ನ ಯಾಕ ಏನು ಅಂತ ಕೇಳಬಾರದು. ಕೇಳಿದ್ದು ಕೊಡಬೇಕು, ಅಷ್ಟ.”

ಒಳಗಿಂದ ಸೊಸೆಯ ದನಿ ಬಂತು. “ನಮ್ಮತ್ತಿ ಕಣ್ಣಿಗೆ ಊರಮಂದೆಲ್ಲಾ ಸ್ವಾಮಿಗಳ ಅಣ್ಣಾ. ನಾಳೆಯಿಂದ ನಾನೂ ಹೋಗಿ ಕಲ್ಲಮ್ಯಾಲ ಮಲಗ್ತೀನಿ, ನನಗೂ ಯಾರರ ರೊಟ್ಟಿ ಬಡದು ಹಾಕ್ಲಿ.”

ಅವಳು ಮುಂಜಾನೆ ನಡೆದದ್ದನ್ನು ಹೇಳಿದಳು. ಅಡುಗೆಮನೆಯ ಫೋಟೋ ತೆಗೆಯುತ್ತೇವೆ ಎಂದರಂತೆ, ಅದಕ್ಕಷ್ಟೇ ಫೋನಿಗೆ ಸುತ್ತಿದ ಬಟ್ಟೆ ಬಿಚ್ಚಿದರಂತೆ. ಒಲೆಯ ಮುಂದೆ ಕೂರಿಸಿ, ಗ್ಯಾಸಿನ ಸಿಲಿಂಡರನ್ನು ಸ್ವಲ್ಪ ಆಚೆ ಸರಿಸಲು ಕೇಳಿದರಂತೆ. “ನಾ ಅಂದೆ, ಈ ಸಿಲಿಂಡರ್ ತಲಿಮ್ಯಾಲ ಹೊತ್ತು ಗುಡ್ಡ ಹತ್ತಿದಾಕಿ ನಾನು, ಮೊದಲ ಅದರ ಫೋಟೋ ತೆಗೀರಿ ಅಂತ. ನಕ್ಕರು. ತೆಗೀಲಿಲ್ಲ. ಇಲ್ಲಿ ಟೈಮ್ ನಿಂತುಬಿಟ್ಟೈತಿ ಅಂದಳು ಆಕಿ. ಹೌದ್ರಿ, ಗಡಿಯಾರದ ಶೆಲ್ ಹೋಗ್ಯಾವ, ನಮ್ಮ ಮನಿಯವರು ಬಂದಾಗ ತರ್ತಾರ ಅಂದೆ.”

ಅಜ್ಜಿ ಅವಳತ್ತ ಕೈ ಬೀಸಿದಳು, ಸಾಕು ಎನ್ನುವಂತೆ.

ನಾನು ಏಳುವ ಹೊತ್ತಿಗೆ ಬೆಂಗಳೂರಿನ ಹುಡುಗಿ ಎದ್ದು ಬಂದಳು. ಕಾಲಿಗೆ ಚುಚ್ಚುತ್ತಿತ್ತು, ಜಾಗ ನೋಡಿ ನೋಡಿ ಇಡುತ್ತಿದ್ದಳು. ಒಳ್ಳೆಯ ಹುಡುಗಿ. ಇದನ್ನು ನಾನು ಆಗಲೂ ತಿಳಿದಿದ್ದೆ, ಈಗಲೂ ಹೇಳುತ್ತೇನೆ.

“ಅಣ್ಣ, ನೀವು ಎಲೆಕ್ಟ್ರಿಸಿಟಿಯವರಾ? ಆ ದೊಡ್ಡ ಬಲ್ಬ್ ಇದೆಯಲ್ಲ, ಅದು ರಾತ್ರಿಯೆಲ್ಲ ಉರಿಯುತ್ತಾ?”

“ಹೌದ್ರಿ.”

“ನಿನ್ನೆ ನಕ್ಷತ್ರ ನೋಡೋಕೇ ಆಗ್ಲಿಲ್ಲ. ನೂರಾರು ವರ್ಷ ಇವರು ಇಲ್ಲಿ ಆಕಾಶದ ಕೆಳಗೆ ಬದುಕಿದ್ದಾರೆ. ನಾವು ಬಂದು ಕಂಬ ನೆಟ್ಟು ಎಲ್ಲ ಹಾಳು ಮಾಡಿದ್ವಿ ಅನ್ಸುತ್ತೆ.”

ಕಂಬ ನೆಟ್ಟವನು ನಾನು. ಅವಳು ಅದನ್ನು ನನಗೆ ಹೇಳುತ್ತಿರಲಿಲ್ಲ. ಯಾವುದೋ ದೊಡ್ಡ ‘ನಾವು’ ಅದು. “ಅದು ಚಿರತಿ ಸಲುವಾಗಿ ಹಾಕಿದ್ದುರಿ,” ಎಂದೆ.

“ಚಿರತೆ ಈಗಲೂ ಬರುತ್ತಾ?”

“ಲೈಟ್ ಹಾಕಿದ ಮ್ಯಾಲ ದೊಡ್ಡಿಗೆ ಇಳದಿಲ್ರಿ.”

“ಹಾಗಾದ್ರೆ ಹೋಗಿದೆ ಅಂತಾಯ್ತು,” ಎಂದು ನಕ್ಕಳು. “ನಮಗೆ ಒಂದರ್ಧ ಗಂಟೆ ಕತ್ತಲೆ ಸಿಕ್ಕರೆ ಸಾಕು. ಅಜ್ಜಿಯನ್ನ ಕೇಳ್ತೀನಿ.”

“ಹೋಗಿಲ್ರಿ, ಅಲ್ಲೇ ಐತಿ. ಬೆಳಕಿನಿಂದ ಆಚೆ ಐತಿ,” ಎಂದೆ. ಅವಳು ತಲೆ ಅಲ್ಲಾಡಿಸಿದಳು. ಮಾತು ತಲೆಗೆ ಹೋಯಿತೋ ಇಲ್ಲವೋ ತಿಳಿಯಲಿಲ್ಲ. ನಾನು ಚೀಲ ಹೆಗಲಿಗೆ ಹಾಕಿ ಇಳಿದೆ.

ಸಂಜೆ ಗಂಗಾವತಿಯ ನನ್ನ ಕೋಣೆಯಲ್ಲಿದ್ದಾಗ ಸೊಸೆಯ ಫೋನು ಬಂತು.

“ಅಣ್ಣಾ, ದೊಡ್ಡಿ ಲೈಟ್ ಇಲ್ಲ.”

“ಮನಿಯಾಗ ಐತೇನು?”

“ಮನಿಯಾಗೂ ಇಲ್ಲ. ಫೀಜ್ ಇಲ್ಲ.”

“ಸುಟ್ಟು ಹೋಗೇತೇನು?”

“ಸುಟ್ಟಿಲ್ಲ. ಅತ್ತಿ ಕಿತ್ತು ಎಲ್ಯೋ ಮುಚ್ಚಿಟ್ಟಾಳ. ಜ್ವಾಳದ ಚೀಲದಾಗ ಕೈ ಹಾಕಿ ನೋಡಿದೆ, ಗೂಡಿನಾಗ ನೋಡಿದೆ. ಹೇಳವಲ್ಲಳು. ನೀನ ಕಲಿಸಿದ್ದಲ್ಲ, ಗುಡುಗು ಬಂದ್ರ ಕೀಳು ಅಂತ. ಇಲ್ಲಿ ಗುಡುಗೂ ಇಲ್ಲ, ಮಳಿನೂ ಇಲ್ಲ, ಅತ್ತಿನ ಗುಡುಗಾಕ್ಹತ್ಯಾಳ.”

ನಾನು ಫೋನನ್ನು ಅಜ್ಜಿಗೆ ಕೊಡು ಎಂದೆ.

“ನಾಳೆ ಹಾಕ್ತೀನಿ ತಮ್ಮಾ,” ಎಂದಳು ಅಜ್ಜಿ. “ಇವತ್ತೊಂದು ದಿನ. ಬೆಳಕು ಬ್ಯಾಡ ಅಂದಾರ ಅವರು.”

“ಅರ್ಧ ತಾಸು ಅಷ್ಟ ಅಂದಾರ ಯವ್ವಾ. ನನ್ನ ಮುಂದ ಅಂದಾಳ ಆಕಿ.”

“ಅದು ಅವರ ದೊಡ್ಡಸ್ತಿಕಿ. ನಮಗ ತ್ರಾಸ ಆದೀತು ಅಂತ ಹಂಗ ಅಂದಾರ. ಅವರಿನ್ನೂ ಮ್ಯಾಲ ನೋಡ್ಕೋತ ಕುಂತಾರ. ನಡುವ ದೀಪ ಹಚ್ಚಿ ನೇಮ ಮುರಿಯಾಕ ಬರ್ತೈತೇನು?”

“ಅಜ್ಜ ಹೊರಗ ಮಲಗ್ತಾನ.”

“ಇಷ್ಟು ವರ್ಸ ಮಲಗ್ಯಾನ.”

ಫೋನು ಮತ್ತೆ ಸೊಸೆಯ ಕೈಗೆ ಹೋಯಿತು. ನಾಯಿ ಎಲ್ಲಿದೆ ಎಂದು ಕೇಳಿದೆ. ಬೊಗಳಿ ಅವರ ಮೌನಕ್ಕೆ ಅಡ್ಡಿಯಾಗುತ್ತದೆ ಎಂದು ಅತ್ತೆ ಅದನ್ನು ಆಚೆ ಮನೆಯ ಹಿಂದೆ ಕಟ್ಟಿ ಬಂದಿದ್ದಾಳೆ ಎಂದಳು. ವೈರಿಗೆ ಕೈ ಹಚ್ಚಬೇಡ, ದೊಡ್ಡಿಯ ಮುಂದೆ ಬೆಂಕಿ ಹಾಕು, ಬೆಳಗಿನ ಜಾವ ಫ್ಯೂಸು ತರುತ್ತೇನೆ ಎಂದೆ. “ಬೆಂಕಿನೂ ಬೆಳಕ ಅಲ್ಲೇನು, ಅದಕ್ಕೂ ಜಗಳ ಐತಿ,” ಎಂದು ನಕ್ಕು ಇಟ್ಟಳು. ಅವಳ ನಗು ಕೇಳಿ ನಾನೂ ನಕ್ಕೆ.

ಬೆಳಗಾಗುವಾಗ ಬಾಳೆತೋಟದ ಕೊನೆಗೆ ಗಾಡಿ ನಿಲ್ಲಿಸಿ ಹತ್ತತೊಡಗಿದೆ. ಕಲ್ಲಿನ ಬಣ್ಣ ಕಾಣುವಷ್ಟು ಬೆಳಕು ಇನ್ನೂ ಆಗಿರಲಿಲ್ಲ. ಮೊದಲು ಕೇಳಿದ್ದು ಉಸಿರು, ಹಲವರ ಉಸಿರು. ಆಮೇಲೆ ತಿರುವಿನಲ್ಲಿ ಆ ನೀಲಿ ಹಾಸಿಗೆ ಕಂಡಿತು, ಅಗಲವಾಗಿ ಬಿಚ್ಚಿಕೊಂಡು, ನಾಲ್ಕು ಮೂಲೆಗೆ ನಾಲ್ವರು. ಮುಂದೆ ಸೊಸೆ ಮತ್ತು ಪಕ್ಕದ ಮನೆಯ ಗಂಡಸು, ಹಿಂದೆ ಕೆಂಪು ಗಡ್ಡದವನು ಮತ್ತು ಬೆಂಗಳೂರಿನ ಹುಡುಗಿ. ಹಾಸಿಗೆಯ ಮೇಲೆ ಅಜ್ಜ. ಮುಖದ ಎಡಭಾಗಕ್ಕೆ ಸೀರೆಯ ತುಂಡು ಸುತ್ತಿದ್ದರು. ಬಲಗಣ್ಣು ತೆರೆದಿತ್ತು. ಅವನ ಹಿಂದೆ ಅಜ್ಜಿ, ಅವನ ರುಮಾಲು ಒಂದು ಕೈಯಲ್ಲಿ, ಕೋಲು ಇನ್ನೊಂದು ಕೈಯಲ್ಲಿ.

ಬೆಂಗಳೂರಿನ ಹುಡುಗಿಯ ಕಾಲು ಒಡೆದು ರಕ್ತ ಬರುತ್ತಿತ್ತು. ಬೂಟು ಹಾಕಿಕೊಳ್ಳಲು ಹೊತ್ತು ಸಿಕ್ಕಿರಲಿಲ್ಲ. ನಾನು ಅವಳ ಮೂಲೆ ಹಿಡಿದೆ. ಆ ಹಾಸಿಗೆಯ ಬಟ್ಟೆ ನೀರು ಹೀರುವುದಿಲ್ಲ, ಹಾಗೆ ಮಾಡಿರುತ್ತಾರೆ. ರಕ್ತವನ್ನೂ ಹೀರುವುದಿಲ್ಲ. ಅದು ನಡುವಿನ ಮಡಿಕೆಯಲ್ಲಿ ನಿಂತಿತ್ತು. ಇಳಿಜಾರಿನಲ್ಲಿ ನನ್ನ ಕಡೆ ತಗ್ಗಾದಾಗ ಬಂದು ನನ್ನ ಬೆರಳಿಗೆ ತಾಗಿತು, ಇನ್ನೂ ಬೆಚ್ಚಗಿತ್ತು. ಅಷ್ಟರಲ್ಲಿ ಅಂಜನಾದ್ರಿಯ ಧ್ವನಿವರ್ಧಕ ಶುರುವಾಯಿತು. ಭಕ್ತರು ಚಪ್ಪಲಿಗಳನ್ನು ಕೆಳಗೇ ಬಿಡಬೇಕು, ಸಾಲಿನಲ್ಲಿ ಬರಬೇಕು ಎಂದು ಮತ್ತೆ ಮತ್ತೆ ಹೇಳುತ್ತಿತ್ತು. ನಾವು ಕೆಳಗೆ ಮುಟ್ಟುವವರೆಗೂ ಹೇಳಿತು.

ಬಾಳೆಗೊನೆ ತುಂಬಲು ನಿಂತಿದ್ದ ಟೆಂಪೊದವನು ಗೊನೆಗಳನ್ನು ರಸ್ತೆಗೆ ಇಳಿಸಿ ಜಾಗ ಮಾಡಿದ. ಗಂಗಾವತಿಯಲ್ಲಿ ನೋಡಿ ಕೊಪ್ಪಳಕ್ಕೆ ಕಳಿಸಿದರು.

ರಾತ್ರಿ ಆದದ್ದನ್ನು ನಾನು ಕಂಡಿಲ್ಲ. ಸೊಸೆ ಹೇಳಿದ್ದು, ಆಮೇಲೆ ಆ ಹುಡುಗಿ ಹೇಳಿದ್ದು, ಎರಡೂ ಹೆಚ್ಚು ಕಡಿಮೆ ಒಂದೇ. ಹಾಸಿಗೆಯವರು ಅರ್ಧ ಗಂಟೆ ಕೇಳಿದ್ದರು. ಬೆಳಕು ಮತ್ತೆ ಬರಲಿಲ್ಲ. ಮನೆಯವರೇ ಕತ್ತಲಲ್ಲಿ ಇರಲು ಇಷ್ಟಪಟ್ಟಿದ್ದಾರೆ, ಹಳೆಯ ದಿನ ನೆನಪಾಗಿರಬೇಕು ಎಂದುಕೊಂಡರು. ಹುಡುಗಿಗೆ ಅದು ಬಹಳ ಚೆನ್ನಾಗಿ ಕಂಡಿತಂತೆ. ನಕ್ಷತ್ರ ನೋಡುತ್ತ ಬಂಡೆಯ ಮೇಲೆ ನಿದ್ದೆ ಹೋದರು. ಸೊಸೆ ದೊಡ್ಡಿಯ ಮುಂದೆ ಹಾಕಿದ ಬೆಂಕಿಗೆ ಅತ್ತೆ ಬೂದಿ ಮುಚ್ಚಿದಳು. ಆಡುಗಳು ಒದರಿದಾಗ ಅಜ್ಜ ಎದ್ದು, ಕತ್ತಲಲ್ಲೇ ದೊಡ್ಡಿಯ ಬಾಗಿಲ ಮುಳ್ಳು ಎಳೆದ. ಒಳಗೆ ಇಳಿದಿದ್ದ ಚಿರತೆಗೆ ಹೊರಬರಲು ತೆರೆದ ದಾರಿ ಅದೊಂದೇ ಇತ್ತು. ಅವನ ಮೇಲೆ ಹಾಯ್ದು ಹೋಯಿತು. ಬಂಡೆಯ ಮೇಲೆ ಮಲಗಿದ್ದ ಇಬ್ಬರ ಪಕ್ಕದಲ್ಲೇ ಹೋಗಿರಬೇಕು, ಆಚೆಗೆ ಬೇರೆ ದಾರಿಯಿಲ್ಲ.

ಕೊಪ್ಪಳದ ಆಸ್ಪತ್ರೆಯ ಪಡಸಾಲೆಯಲ್ಲಿ ಅಜ್ಜಿ, ಸೊಸೆ, ಹುಡುಗಿ, ನಾನು ನಾಲ್ವರೂ ನೆಲಕ್ಕೆ ಕುಳಿತಿದ್ದೆವು. ಕೆಂಪು ಗಡ್ಡದವನು ಔಷಧಿ ತರಲು, ನೀರು ತರಲು ಓಡಾಡುತ್ತಿದ್ದ. ಅಜ್ಜನ ಎಡಗಣ್ಣು ಉಳಿಯುವುದಿಲ್ಲ, ಜೀವದ ಮಾತು ನಾಳೆಯವರೆಗೆ ಹೇಳಲಾಗದು ಎಂದು ಡಾಕ್ಟರು ಹೇಳಿ ಹೋಗಿದ್ದರು. ಸೊಸೆ ಗಂಡನಿಗೆ ಫೋನು ಮಾಡಿ, ಮಷಿನ್ ಎಲ್ಲಿದೆಯೋ ಅಲ್ಲೇ ಬಿಟ್ಟು ಬಾ ಎಂದಿದ್ದಳು.

ಅಜ್ಜಿ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಫ್ಯೂಸು ಇತ್ತು. ನನಗೆ ಕೊಟ್ಟಳು. ಜೋಳದ ಚೀಲದಲ್ಲಿ ಸಿಗದಿದ್ದದ್ದು ಅದಕ್ಕೇ.

“ನಾವು ಅರ್ಧ ಗಂಟೆ ಅಂತ…” ಎಂದಳು ಹುಡುಗಿ. ಅದನ್ನು ಆಗಾಗ ಹೇಳುತ್ತಲೇ ಇದ್ದಳು. “ಅಜ್ಜಿ ಯಾಕೆ ಹಾಕಲಿಲ್ಲ? ನಾವು ಬೇಡ ಅಂತಿರಲಿಲ್ಲ.”

ಸೊಸೆ ಅವಳ ಕಡೆ ತಿರುಗಿದಳು. ಜೋರಾಗಿ ಮಾತಾಡಲಿಲ್ಲ. “ನೀವು ನೇಮ ಹಿಡದೀರಿ ಅಂತ ತಿಳದಾಳ ಆಕಿ. ಕಾಲಾಗ ಬೂಟಿಲ್ಲ, ಮೈಗೆ ಬಿಸಿನೀರಿಲ್ಲ, ಹಾಸಿಗಿ ಇದ್ದೂ ಹಾಸಿಗಿ ಇಲ್ಲ. ನಿಮಗ ಅದು ಮಜಾ. ನಮ್ಮ ಕಡೆ ಅದನ್ನ ಹರಕಿ ಹೊತ್ತವರು ಮಾಡ್ತಾರ.”

ಹುಡುಗಿಗೆ ಅರ್ಥವಾದದ್ದು ಅವಳ ಕಾಲಿನಲ್ಲಿ ಕಂಡಿತು. ಪಟ್ಟಿ ಕಟ್ಟಿದ ಪಾದಗಳನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡಳು.

ಆಗ ಅಜ್ಜಿ ಅವಳನ್ನೇ ನೇರವಾಗಿ ಕೇಳಿದಳು. “ತಂಗಿ, ಗದ್ದಲದಾಗ ಕೇಳಾಕ ಆಗಲಿಲ್ಲ. ನಿಮ್ಮ ನೇಮ ಅರ್ಧಕ್ಕ ನಿಂತತೇನು? ನಮ್ಮ ಮನಿಯಿಂದ ಮುರೀತೇನು?”

ಹುಡುಗಿ ನನ್ನನ್ನು ನೋಡಿದಳು. ನಾನು ಕೈಯಲ್ಲಿದ್ದ ಫ್ಯೂಸು ನೋಡುತ್ತಿದ್ದೆ. ಪಿಂಗಾಣಿಯ ಒಂದು ಮೂಲೆ ಚಕ್ಕೆ ಎದ್ದಿತ್ತು, ಹಳೆಯದು.

“ಇಲ್ಲ ಅಜ್ಜಿ,” ಎಂದಳು. “ಪೂರ್ತಿ ಆಯ್ತು.”

ಅಜ್ಜಿ ಎರಡೂ ಕೈ ಹಣೆಗೆ ಒತ್ತಿಕೊಂಡಳು. “ಹಂಗಾದ್ರ ಮುದುಕ ಉಳೀತಾನ,” ಎಂದಳು. ಗೋಡೆಗೆ ಒರಗಿ ಬಾಯೊಳಗೇ ಏನೋ ಹೇಳಿಕೊಳ್ಳುತ್ತಿದ್ದಳು. ಸೊಸೆ ಆ ಉತ್ತರವನ್ನು ಸುಳ್ಳು ಎನ್ನುತ್ತಾಳೆ, ಈಗಲೂ. ನಾನು ಅದಕ್ಕೆ ಹೆಸರಿಡಲು ಹೋಗಿಲ್ಲ.

ಮುದುಕ ಉಳಿದ. ಬಹಳ ದಿನ ಹಿಡಿಯಿತು. ಎಡಗಣ್ಣು ಹೋಯಿತು, ಎಡಭುಜ ಮೇಲೆ ಏಳುವುದಿಲ್ಲ. ಹಾಸಿಗೆಯವರು ಅವನು ಎದ್ದು ಕೂರುವವರೆಗೂ ಕೊಪ್ಪಳದಲ್ಲೇ ಇದ್ದರು. ಹೋಗುವಾಗ ನೀಲಿ ಹಾಸಿಗೆಯನ್ನು ಒಯ್ಯಲಿಲ್ಲ. ಸೊಸೆ ಅದನ್ನು ತಿಕ್ಕಿ ತೊಳೆದು ಮಾವನ ಹೊರಸಿನ ಮೇಲೆ ಹಾಸಿದಳು. ಮಗ ಬಂದು, ಆಡು ಮಾರಿ ಗಂಗಾವತಿಗೆ ಇಳಿಯೋಣ ಎಂದು ಒಂದು ವಾರ ವಾದ ಮಾಡಿ, ಸುಗ್ಗಿಗೆ ಹೋದ. ಗಡಿಯಾರಕ್ಕೆ ಶೆಲ್ ಹಾಕಿಸಿ ಹೋದ.

ಅಜ್ಜನನ್ನು ಮನೆಗೆ ತಂದ ಮೇಲೆ ಅಜ್ಜಿ ನನ್ನನ್ನು ಕರೆಸಿದಳು.

“ಆ ದೊಡ್ಡಿ ದೀಪಕ್ಕ ಗುಂಡಿ ಇರಬಾರದು,” ಎಂದಳು. ಸ್ವಿಚ್ಚಿಗೆ ಅವಳು ಗುಂಡಿ ಎನ್ನುತ್ತಾಳೆ. “ಮನಿಯಾಗಿನ ಫೀಜಿಗೂ ಅದಕ್ಕೂ ಸಂಬಂಧ ಇರಬಾರದು. ಯಾರ ಕೈಗೂ ಸಿಗಬಾರದು.”

“ಹಗಲೊತ್ತು?”

“ಹಗಲಾ ರಾತ್ರಿ. ಆಸ್ಪತ್ರ್ಯಾಗ ಬೇಡ್ಕೊಂಡೀನಿ. ಇಂವ ಕಣ್ಣು ತೆರದ್ರ ಅದು ನಂದಾದೀಪ ಅಂತ.”

“ತೆರದದ್ದು ಒಂದ ಕಣ್ಣು,” ಎಂದ ಹೊರಸಿನ ಮೇಲಿದ್ದ ಅಜ್ಜ. “ಅರ್ಧ ದಿನ ಉರಿಸಿದ್ರ ಸಾಕು.”

“ಬಾಯಿ ಮುಚ್ಕೊಂಡು ಮಲಗು.”

ನಾನು ದೊಡ್ಡಿಯ ಬಲ್ಬಿನ ತಂತಿಯನ್ನು ಮನೆಯ ಬೋರ್ಡಿನಿಂದ ಬಿಡಿಸಿ ಬೇರೆ ಮಾಡಿದೆ. ಅದರ ಫ್ಯೂಸು ಈಗ ಕಂಬದ ಮೇಲಿದೆ; ಏಣಿ ಇಲ್ಲದೆ ಮುಟ್ಟಲಾಗದು. ನಾನು ಚೀಲ ಕಟ್ಟುವಾಗ ಸೊಸೆ ಬಂದು ಕಂಬದ ಮೇಲೆ ನೋಡಿದಳು.

“ಲೈನ್ ಬಂದ್ ಆದ್ರ ಆಗೇನು ಮಾಡ್ತಿ ಅತ್ತಿ? ನೇಮ ಲೈನ್‌ಮನ್ನಣ್ಣನ ತಲಿಮ್ಯಾಲ ಹೊರಿಸ್ತಿ?”

ಅಜ್ಜಿ ಅದನ್ನು ಯೋಚಿಸಿದ್ದಳು. ದೊಡ್ಡಿಯ ಗೋಡೆಯ ಕಲ್ಲಿನ ಸಂದಿನಲ್ಲಿ ಎಣ್ಣೆ ಹಾಕಿದ ಪಣತಿ ಇಟ್ಟಿದ್ದಳು. “ಲೈನ್ ತೆಗಿಯೂದಕ್ಕ ಮೊದಲ ಫೋನ್ ಮಾಡು,” ಎಂದಳು ನನಗೆ. “ನಾ ಇದನ್ನ ಹಚ್ಚತೀನಿ. ಹಚ್ಚಿದೆ ಅಂದ ಮ್ಯಾಲ ನೀ ತೆಗಿ.”

ಅಂದಿನಿಂದ ಹಾಗೇ ನಡೆದಿದೆ. ತಾನಾಗಿ ಹೋದ ಕರೆಂಟಿಗೆ ನಾನು ಹೊಣೆಯಲ್ಲ ಎಂದು ಒಪ್ಪಿಸಲು ಮಾತ್ರ ಸ್ವಲ್ಪ ಸಮಯ ಹಿಡಿಯಿತು.

ಕಳೆದ ಚಳಿಗಾಲದಲ್ಲಿ ತಂತಿ ಬಿಗಿಮಾಡುವ ಕೆಲಸವಿತ್ತು. ಮುಂಜಾನೆ ಮೇಲೆ ಹೋಗಿ ಕಂಬಗಳನ್ನು ನೋಡಿ ಬರುವಾಗ ಕೊನೆಯ ಮನೆಯಲ್ಲಿ ಹೊಸ ಹಾಸಿಗೆಯವರು ಇದ್ದರು, ಮೂವರು ಹುಡುಗರು. ಒಬ್ಬ ಕನ್ನಡ ಬಲ್ಲವನು. ಬಿಸಿಲಿನಲ್ಲಿ ಉರಿಯುತ್ತಿದ್ದ ಬಲ್ಬು ತೋರಿಸಿ, ಯಾಕೆ ಆರಿಸಿಲ್ಲ ಎಂದು ಕೇಳಿದ.

“ಅದು ನಮ್ಮ ನೇಮರಿ,” ಎಂದಳು ಅಜ್ಜಿ. “ಆರಿಸಂಗಿಲ್ಲ.”

ಹುಡುಗ ತಲೆಯ ಮೇಲಿನ ಟೋಪಿ ತೆಗೆದ. ಉಳಿದಿಬ್ಬರಿಗೆ ಇಂಗ್ಲಿಷಿನಲ್ಲಿ ಹೇಳಿದ, ಅವರೂ ತೆಗೆದರು. ಇದು ಎಷ್ಟು ಕಾಲದಿಂದ ನಡೆದು ಬಂದ ಪದ್ಧತಿ ಎಂದು ಕೇಳಿದ.

“ನಮ್ಮ ಹಿರ್‍ಯಾರ ಕಾಲದಿಂದ,” ಎಂದಳು ಸೊಸೆ, ರೊಟ್ಟಿ ಬಡಿಯುತ್ತ, ತಲೆ ಎತ್ತದೆ. “ಹಿರ್‍ಯಾರು ಅಲ್ಲೇ ಕುಂತಾರಲ್ಲ, ಕೇಳ್ರಿ.”

ಅವರು ಅಜ್ಜನನ್ನು ಬಲ್ಬಿನ ಕೆಳಗೆ ಹೊರಸಿನ ಮೇಲೆ ಕೂರಿಸಿ ಫೋಟೋ ತೆಗೆದರು. ಅಜ್ಜ ತನ್ನ ಹೋದ ಕಣ್ಣು ಆಚೆಗೆ ಇರುವಂತೆ ಮುಖ ತಿರುಗಿಸಿ ಕುಳಿತ, ಅವನಿಗೆ ಅಭ್ಯಾಸವಾಗಿತ್ತು. ನೀಲಿ ಹಾಸಿಗೆ ಕಾಣದಂತೆ ಮೇಲೆ ಕಂಬಳಿ ಹಾಸಬಹುದೇ ಎಂದು ಹುಡುಗ ಕೇಳಿದ.

“ಸಿಲಿಂಡರೂ ಸರಿಸ್ಲೇನ್ರಿ?” ಎಂದಳು ಸೊಸೆ.

ನಾನು ಕೆಳಗೆ ಇಳಿದು ಬಂದೆ. ಸಂಗಡಿಗರು ಹಗ್ಗ, ಏಣಿ ಹಿಡಿದು ಕಾಯುತ್ತಿದ್ದರು. ಮೇಲೆ ನೋಡಿದರೆ ಬಿಸಿಲಿನಲ್ಲಿ ಬಲ್ಬು ಕಾಣುವುದಿಲ್ಲ, ಪಣತಿಯಂತೂ ಕಾಣುವುದೇ ಇಲ್ಲ, ಕಲ್ಲು ಮಾತ್ರ. ಲೈನು ತೆಗೆಯುವ ಮೊದಲು ಫೋನು ಮಾಡಿದೆ. ಬೆಂಕಿಪೆಟ್ಟಿಗೆ ಗೀರುವ ಸಪ್ಪಳ ಕೇಳಿತು, ಒಂದು ಕಡ್ಡಿ ಗಾಳಿಗೆ ಆರಿತು, ಇನ್ನೊಂದು ಗೀರಿದಳು.

“ಹಚ್ಚೀನಿ,” ಎಂದಳು ಅಜ್ಜಿ. “ಈಗ ತೆಗಿ.”

ಆಮೇಲೆ ತೆಗೆದೆ.